ನಾಟಕ ಕಂಪನಿಯಿಂದ ರ‍್ಯಾಂಪ್‌ವರೆಗೆ: ಸಿನಿಮಾಕ್ಕೆ ಹೋಗುವ ದಾರಿ ಬದಲಾದ ಬಗೆ

ನಮ್ಮ ಸೀಮೆಯಿಂದ ಸಿನಿಮಾಕ್ಕೆ ಹೋದವರು ಯಾರು ಅಂದರೆ ಹಿರಿಯರ ಬಾಯಲ್ಲಿ ಬರುವ ಹೆಸರು ಹಾಸ್ಯನಟ ನರಸಿಂಹರಾಜು. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದರು. ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ. ಅಷ್ಟರಲ್ಲಿ ಅವರಿಗೆ 30 ತುಂಬಿತ್ತು. ಬದುಕಿನ ಬಹುಪಾಲು ರಂಗದ ಮೇಲೆಯೇ ಕಳೆದಿತ್ತು.

ಇವತ್ತು ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಪಿಯುಸಿ ಓದುವ ಹುಡುಗಿಗೆ ಸಿನಿಮಾ ಆಸೆ ಇದ್ದರೆ ಅವಳ ಕಣ್ಣಮುಂದೆ ಇರುವುದು ಬೇರೆ ದಾರಿ: ಮಾಡೆಲಿಂಗ್. ಈ ದಾರಿ ಯಾವಾಗ, ಹೇಗೆ ಬದಲಾಯಿತು?

ಆಗ ಬೇಕಿದ್ದದ್ದು ಗಂಟಲು

1934ರಲ್ಲಿ ‘ಸತಿ ಸುಲೋಚನಾ’ ಮೂಲಕ ಕನ್ನಡ ಸಿನಿಮಾ ಮಾತಾಡಲು ಶುರು ಮಾಡಿತು. ಮಾತಾಡುವ, ಹಾಡುವ ಜನ ಬೇಕಾಯಿತು. ಅವರು ಸಿಗುತ್ತಿದ್ದದ್ದು ನಾಟಕ ಕಂಪನಿಗಳಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ಡಾ. ರಾಜ್‌ಕುಮಾರ್ ಬಂದದ್ದು ಅಲ್ಲಿಂದ. ಅದೇ ಕಂಪನಿಯಲ್ಲಿ ಹಾಡಿ ನಟಿಸುತ್ತಿದ್ದ ಬಿ. ಜಯಮ್ಮ 1945ರ ‘ಹೇಮರೆಡ್ಡಿ ಮಲ್ಲಮ್ಮ’ ಸಿನಿಮಾದಲ್ಲಿ ಗುಬ್ಬಿ ವೀರಣ್ಣನವರ ಜೊತೆ ನಟಿಸಿದರು.

ಕಂಪನಿ ಅಂದರೆ ಶಾಲೆಯೇ. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ಕೇಳಬೇಕು. ಒಂದೇ ಪಾತ್ರವನ್ನು ಊರೂರಲ್ಲಿ ಮಾಡಬೇಕು, ಚೆನ್ನಾಗಿಲ್ಲದಿದ್ದರೆ ಜನ ಅಲ್ಲೇ ಕೂಗುತ್ತಾರೆ. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿ ಹತ್ತು-ಹನ್ನೊಂದು ತಿಂಗಳು ಕಾದ ಹಾಗೆ, ನಟರೂ ಅಲ್ಲಿ ಮಾಗುತ್ತಿದ್ದರು.

ಮುಖ ಮುಂದೆ ಬಂದದ್ದು

ಮೊದಲು ಜಾಹೀರಾತೇ ಸಿನಿಮಾದ ಹಿಂದೆ ಬರುತ್ತಿತ್ತು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಹಿಂದಿಯಲ್ಲಿ ಹೆಸರು ಮಾಡಿದ ಮೇಲೆ, 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದರು. ಮೊದಲು ನಟಿ, ಆಮೇಲೆ ಸೋಪು.

ಇದು ತಿರುಗುಮುರುಗಾಗುವ ಲಕ್ಷಣ 1970ರ ಹೊತ್ತಿಗೆ ಕಂಡಿತು. ಮಾಡೆಲ್ ಆಗಿದ್ದ ಜೀನತ್ ಅಮಾನ್ ಆ ವರ್ಷ ಸೌಂದರ್ಯ ಸ್ಪರ್ಧೆ ಗೆದ್ದು, 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಮನೆಮಾತಾದರು. ಅದು ಹೆದ್ದಾರಿ ಆದದ್ದು 1991ರ ನಂತರ. ವಿದೇಶಿ ಸರಕು ಬಂತು, ಕೇಬಲ್ ಟಿವಿ ಬಂತು. ಸರಕು ಮಾರಲು ಹೊಸ ಮುಖಗಳು ಬೇಕಾದವು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವ ಸುಂದರಿಯಾದರು, 1997ರಲ್ಲಿ ಮಣಿರತ್ನಂ ಅವರ ತಮಿಳು ಚಿತ್ರ ‘ಇರುವರ್’ ಮೂಲಕ ನಟಿಯಾದರು.

ನಡುವೆ, 1996ರಲ್ಲಿ, ವಿಶ್ವ ಸುಂದರಿ ಸ್ಪರ್ಧೆ ಬೆಂಗಳೂರಿಗೇ ಬಂತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ, ಮಹಿಳಾ ಸಂಘಟನೆಗಳು ವಿರೋಧಿಸಿದವು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಆದರೂ ಸ್ಪರ್ಧೆ ನಡೆಯಿತು.

ದೀಪಿಕಾ ನಡೆದ ದಾರಿ

ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಅವರ ಮಗಳು ದೀಪಿಕಾ ಬೆಳೆದದ್ದು ಬೆಂಗಳೂರಿನಲ್ಲಿ. ತಾನೂ ಬ್ಯಾಡ್ಮಿಂಟನ್ ಆಡುತ್ತಿದ್ದವರು ಹತ್ತನೇ ತರಗತಿಯ ಹೊತ್ತಿಗೆ ಆಟ ಬಿಟ್ಟು ಮಾಡೆಲಿಂಗ್ ಹಿಡಿದರು. ಲಿರಿಲ್ ಸೋಪಿನ ಜಾಹೀರಾತು ಹೆಸರು ತಂದಿತು. 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನ ರ‍್ಯಾಂಪ್ ಏರಿದರು.

ಅವರ ಮೊದಲ ಸಿನಿಮಾ ಕನ್ನಡದ್ದು: ಇಂದ್ರಜಿತ್ ಲಂಕೇಶ್ ನಿರ್ದೇಶನದ ‘ಐಶ್ವರ್ಯ’, 2006, ನಾಯಕ ಉಪೇಂದ್ರ. ಮರುವರ್ಷ ಫರಾ ಖಾನ್ ಅವರ ಹಿಂದಿ ಚಿತ್ರ ‘ಓಂ ಶಾಂತಿ ಓಂ’, ಶಾರುಖ್ ಖಾನ್ ಜೊತೆ. ಹೊಸ ನಟಿಗೆ ಕೊಡುವ ಫಿಲಂಫೇರ್ ಪ್ರಶಸ್ತಿಯೂ ಬಂತು.

ಆದರೆ ಒಂದು ಮಾತು ಗಮನಿಸಬೇಕು. ಆ ಚಿತ್ರದಲ್ಲಿ ಕೇಳುವುದು ದೀಪಿಕಾ ಅವರ ದನಿಯಲ್ಲ, ಡಬ್ಬಿಂಗ್ ಕಲಾವಿದೆ ಮೋನಾ ಘೋಷ್ ಶೆಟ್ಟಿ ಅವರದ್ದು. ಕ್ಯಾಮೆರಾ ಮುಂದೆ ಅಂಜದೆ ನಿಲ್ಲುವುದನ್ನು, ಬಟ್ಟೆ ಹೊತ್ತು ನಡೆಯುವುದನ್ನು ಮಾಡೆಲಿಂಗ್ ಕಲಿಸಿತ್ತು. ಮಾತನ್ನು ಕಲಿಸಿರಲಿಲ್ಲ. ರ‍್ಯಾಂಪ್ ಮೇಲೆ ಯಾರೂ ಮಾತಾಡುವುದಿಲ್ಲವಲ್ಲ.

2009ರ ‘ಚಾಂದನಿ ಚೌಕ್ ಟು ಚೈನಾ’ ಸೋತಿತು. ನಟಿ ಅಂತ ಗಟ್ಟಿಯಾಗಿ ಒಪ್ಪಿಗೆ ಸಿಕ್ಕಿದ್ದು 2012ರ ‘ಕಾಕ್‌ಟೇಲ್’ ನಂತರ. 2015ರ ‘ಪಿಕು’ದಲ್ಲಿ ವಯಸ್ಸಾದ ಅಪ್ಪನ ಜೊತೆ ಏಗುವ ಮಗಳಾಗಿ, ಬರೀ ಮಾತಿನಲ್ಲೇ ಸಿನಿಮಾ ಹೊತ್ತರು. ನರಸಿಂಹರಾಜು ಸಿನಿಮಾಕ್ಕೆ ಬರುವ ಮೊದಲು ಕಲಿತದ್ದನ್ನು ಇವರು ಬಂದ ಮೇಲೆ, ಎಲ್ಲರ ಕಣ್ಣೆದುರು ಕಲಿಯಬೇಕಾಯಿತು.

ಈಚಿನವರೂ ಇದೇ ದಾರಿಯವರು. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2014ರಲ್ಲಿ ಕ್ಲೀನ್ ಅಂಡ್ ಕ್ಲಿಯರ್ ಸ್ಪರ್ಧೆ ಗೆದ್ದು, 2016ರಲ್ಲಿ ‘ಕಿರಿಕ್ ಪಾರ್ಟಿ’ ಮಾಡಿದರು. ಶ್ರೀನಿಧಿ ಶೆಟ್ಟಿ 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆಗಿ, 2018ರಲ್ಲಿ ‘ಕೆಜಿಎಫ್’ಗೆ ಬಂದರು.

ನಮ್ಮೂರಿಗೆ ಇದರಿಂದ ಏನಾಯಿತು

ನಾಟಕ ಕಂಪನಿ ಜಾತ್ರೆಗೆ, ಸಂತೆ ಊರಿಗೆ ತಾನೇ ಬಂದು ಟೆಂಟ್ ಹಾಕುತ್ತಿತ್ತು. ಆಸೆ ಇದ್ದ ಹುಡುಗ ಅದರ ಹಿಂದೆ ಹೊರಟುಬಿಡಬಹುದಿತ್ತು. ರ‍್ಯಾಂಪ್ ನಮ್ಮೂರಿಗೆ ಬರುವುದಿಲ್ಲ. ಅದು ನಗರದಲ್ಲಿದೆ. ಎತ್ತರ, ಇಂಗ್ಲಿಷ್, ಫೋಟೊ ತೆಗೆಸುವ ದುಡ್ಡು, ಬೆಂಗಳೂರಲ್ಲಿ ಉಳಿಯಲು ಜಾಗ, ಇಷ್ಟನ್ನೂ ಕೇಳುತ್ತದೆ. ಬಾಗಿಲು ಚಿಕ್ಕದಾಗಿದೆ.

ಬಾಗಿಲು ಚಿಕ್ಕದಾದ ಕಡೆ ದಲ್ಲಾಳಿಗಳು ಹುಟ್ಟುತ್ತಾರೆ. ‘ನಿಮ್ಮ ಮಗಳ ಮುಖ ಸೆಲೆಕ್ಟ್ ಆಗಿದೆ, ಫೋಟೊ ಆಲ್ಬಂಗೆ, ನೋಂದಣಿಗೆ ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ನೆನಪಿಡಿ: ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಕೊಬ್ಬರಿ ಮಾರಿದ ದುಡ್ಡು ಕಟ್ಟುವ ಮೊದಲು ನಾಲ್ಕು ಜನರನ್ನು ವಿಚಾರಿಸಿ.

ಇನ್ನೊಂದು ಮಾತು. ಮಾಡೆಲ್‌ಗಳು ಸಿನಿಮಾಕ್ಕೆ ಹೋದ ಮೇಲೆ ಕಷ್ಟಪಟ್ಟು ಕಲಿತ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು, ತಿಂಗಳುಗಟ್ಟಲೆ ತಾಲೀಮು, ಬೆಳಗಿನವರೆಗೆ ‘ಕುರುಕ್ಷೇತ್ರ’. ಅಲ್ಲಿ ಹೆಣ್ಣು ಪಾತ್ರಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ. ಸಿನಿಮಾ ಆಸೆ ಇರುವ ನಮ್ಮ ಹುಡುಗಿಯರನ್ನು ಮೊದಲು ಆ ತಾಲೀಮಿಗೆ ಕೂರಿಸಿದರೆ ಹೇಗೆ? ಮುಂದೆ ಸಿನಿಮಾ ಸಿಗಲಿ, ಸಿಗದಿರಲಿ, ದನಿಯಂತೂ ಅವರದೇ ಆಗಿರುತ್ತದೆ.