ಚಕ್ರವಾಳಕ್ಕೆ ಉಪಪತ್ತಿ ಬರೆದ ಪ್ರಾಧ್ಯಾಪಕ

ಕನ್ನಡದ ಓದುಗರಿಗೆ ಎ. ಕೆ. ರಾಮಾನುಜನ್ ಅವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ದ ಕವಿಯಾಗಿ, ನಮ್ಮ ವಚನಗಳನ್ನು ಇಂಗ್ಲಿಷ್ ಬಲ್ಲ ಜಗತ್ತಿನ ಮುಂದಿರಿಸಿದ ಅನುವಾದಕರಾಗಿ ಅವರು ನಮಗೆಲ್ಲ ಬೇಕಾದವರು. ಅವರ ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು ಎಂಬ ಸಂಗತಿ ಕವಿಯ ಜೀವನವೃತ್ತಾಂತದ ಮೊದಲಲ್ಲಿ ಒಂದು ವಾಕ್ಯವಾಗಿ ಬಂದುಹೋಗುತ್ತದೆ. ಸಾಹಿತ್ಯದ ಮಂದಿಯಾದ ನಾವು ಆ ವಾಕ್ಯವನ್ನು ದಾಟಿ ಮುಂದಕ್ಕೆ ನಡೆಯುತ್ತೇವೆ. ಇಂದಿನ ನನ್ನ ಮಾತು ಆ ಒಂದು ವಾಕ್ಯವನ್ನೇ ಕುರಿತದ್ದು. ಮಗನ ಕೀರ್ತಿಯ ನೆರಳಿನಲ್ಲಿ ನಿಂತಂತೆ ಕಾಣುವ ಆ ತಂದೆ, ಸುಮಾರು ಎಂಟುನೂರು ವರ್ಷಗಳಿಂದ ಬಾಕಿಯಿದ್ದ ಒಂದು ಲೆಕ್ಕವನ್ನು ತೀರಿಸಿದವರು.

ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು 1892ರಲ್ಲಿ, ಅಂದಿನ ಮದರಾಸು ಪ್ರಾಂತದ ಅತ್ತಿಪಟ್ಟಿನಲ್ಲಿ. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಓದಿ, ಹದಿನೆಂಟನೆಯ ವಯಸ್ಸಿಗೇ ಗಣಿತದಲ್ಲಿ ಎಂ.ಎ. ಪದವಿ ಪಡೆದು, ಅಲ್ಲಿಯೇ ಅಧ್ಯಾಪಕರಾದರು. 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ವಿಭಾಗಕ್ಕೆ ಬಂದರು. ದೇಶೀಯ ಸಂಸ್ಥಾನವೊಂದರಲ್ಲಿ ಮೊಟ್ಟಮೊದಲು ಹುಟ್ಟಿದ ಆ ವಿಶ್ವವಿದ್ಯಾನಿಲಯಕ್ಕೆ ಆಗ ಇನ್ನೂ ಎರಡೇ ವರ್ಷ. 1947ರಲ್ಲಿ ನಿವೃತ್ತರಾಗುವವರೆಗೆ, ಇಪ್ಪತ್ತೊಂಬತ್ತು ವರ್ಷ, ಅವರು ಅಲ್ಲಿಯೇ ಪಾಠ ಹೇಳಿದರು. 1953ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಹೊರಗಿನಿಂದ ನೋಡಿದರೆ ಇಷ್ಟೇ: ಒಂದು ಊರು, ಒಂದು ವಿಭಾಗ, ಒಂದು ಕಪ್ಪುಹಲಗೆ.

ಆ ಮನೆಯ ಒಳಗನ್ನು ನಮಗೆ ಕಾಣಿಸಿದವರು ಮಗನೇ. ಮಹಡಿಯ ಮೇಲೆ ತಂದೆಯ ಓದುವ ಕೋಣೆಯಲ್ಲಿ ಇಂಗ್ಲಿಷ್, ಕೆಳಗೆ ತಾಯಿಯ ಬಳಿ ತಮಿಳು, ಬೀದಿಗೆ ಇಳಿದರೆ ಕನ್ನಡ. ಕೋಲಾರ ಸೀಮೆಯವರಿಗೆ, ಸುಗಟೂರಿನಂಥ ಊರುಗಳ ಕಡೆಯವರಿಗೆ, ಇಂಥ ಮನೆ ಅಪರಿಚಿತವಲ್ಲ. ಒಲೆಯ ಬಳಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಕೇಳುತ್ತ ಬೆಳೆದವರಿಗೆ ಒಂದೇ ತಲೆಯಲ್ಲಿ ಮೂರು ನುಡಿಗಳು ಜಗಳವಿಲ್ಲದೆ ಬಾಳಬಲ್ಲವೆಂಬುದು ಅನುಭವದ ಮಾತು. ಆದರೆ ಮಗನನ್ನು ಕಾಡಿದ್ದು ನುಡಿಗಳ ನೆರೆಹೊರೆಯಲ್ಲ, ನಂಬಿಕೆಗಳದು. 1989ರಲ್ಲಿ ಪ್ರಕಟವಾದ, ಭಾರತೀಯ ಚಿಂತನಕ್ರಮವನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ರಾಮಾನುಜನ್ ಅದನ್ನು ಬಣ್ಣಿಸಿದ್ದಾರೆ. ತಂದೆ ಗಣಿತಜ್ಞರು, ಖಗೋಳಶಾಸ್ತ್ರ ಬಲ್ಲವರು. ಜತೆಗೆ ಸಂಸ್ಕೃತ ಪಂಡಿತರು, ಜಾತಕ ನೋಡುವವರು. ಹೊರದೇಶದ ಗಣಿತಜ್ಞರೂ ಊರಿನ ಜೋಯಿಸರೂ ಒಂದೇ ಬಾಗಿಲಿನಿಂದ ಬಂದುಹೋಗುತ್ತಿದ್ದರು. ಹೊಸ ಗ್ರಹಗಳು ಪತ್ತೆಯಾದ ಮೇಲೆ ನವಗ್ರಹಗಳ ಗತಿಯೇನು ಎಂದು ಹರೆಯದ ಮಗ ಕೆಣಕಿದರೆ, ಬೇಕಾದ ತಿದ್ದುಪಡಿ ಮಾಡಿಕೊಂಡರಾಯಿತು ಎಂಬ ಧಾಟಿಯಲ್ಲಿ ತಂದೆ ಉತ್ತರಿಸುತ್ತಿದ್ದರಂತೆ. ಮಿದುಳಿಗೆ ಎರಡು ಪಾಲುಗಳಿರುವುದು ತಿಳಿಯದೆ ಎಂದು ನಗುತ್ತಿದ್ದರಂತೆ.

ಈ ಚಿತ್ರ ಸೊಗಸಾದದ್ದು. ಸೊಗಸಾದದ್ದರಿಂದಲೇ ಅದು ನಮ್ಮನ್ನು ಒಂದು ಕಡೆಗೆ ಎಳೆದುಬಿಡುತ್ತದೆ. ಪೇಟ, ಪಂಚೆ, ಬೂಟುಗಳ ವಿಚಿತ್ರ ಸಂಗಮವಾಗಿ ತಂದೆ ನಮ್ಮ ನೆನಪಿನಲ್ಲಿ ನಿಲ್ಲುತ್ತಾರೆ. ಆ ಪೇಟದ ಕೆಳಗಿನ ತಲೆ ಏನು ಮಾಡಿತೆಂದು ಕೇಳುವುದನ್ನು ನಾವು ಮರೆಯುತ್ತೇವೆ.

ಆ ತಲೆ ಮಾಡಿದ್ದನ್ನು ಹೇಳಬೇಕಾದರೆ ಸ್ವಲ್ಪ ಲೆಕ್ಕದ ದಾರಿಯಲ್ಲಿ ನಡೆಯಬೇಕು. ದಾರಿ ಕಠಿನವಲ್ಲ. ಎರಡು ವರ್ಗಸಂಖ್ಯೆಗಳನ್ನು ಹುಡುಕಬೇಕು. ಒಂದನ್ನು ಗೊತ್ತಾದ ಒಂದು ಸಂಖ್ಯೆಯಿಂದ ಗುಣಿಸಿ ಒಂದನ್ನು ಕೂಡಿದರೆ ಇನ್ನೊಂದು ಬರಬೇಕು. ಗುಣಕ 7 ಆದರೆ ಉತ್ತರ ಸುಲಭ: 3ರ ವರ್ಗ 9, ಅದರ ಏಳರಷ್ಟು 63, ಒಂದು ಕೂಡಿದರೆ 64, ಅದು 8ರ ವರ್ಗ. ನಮ್ಮ ಪ್ರಾಚೀನರು ಇದನ್ನು ವರ್ಗಪ್ರಕೃತಿ ಎಂದು ಕರೆದರು. ಕೂಡುವ ಅಥವಾ ಕಳೆಯುವ ಶೇಷಕ್ಕೆ ಕ್ಷೇಪವೆಂದರು. 628ರಲ್ಲಿ ಬ್ರಹ್ಮಗುಪ್ತ ಇದಕ್ಕೆ ‘ಭಾವನಾ’ ಎಂಬ ಉಪಾಯವನ್ನು ಹೇಳಿದ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ‘ಚಕ್ರವಾಳ’ವೆಂಬ ಪೂರ್ಣ ವಿಧಾನವೇ ಇದೆ. ದಿಕ್ಚಕ್ರವಾಳವೆಂಬ ಮಾತಿನಲ್ಲಿ ನಮಗೆ ಪರಿಚಿತವಾದ ಅದೇ ಪದ; ಸುತ್ತಿ ಬರುವ ಬಳೆಯೆಂದು ಅರ್ಥ.

ಭಾಸ್ಕರನು ಎತ್ತಿಕೊಂಡ ಗುಣಕಗಳಲ್ಲಿ ಒಂದು 61. ಅವನ ದಾರಿಯನ್ನು ಮೊದಲ ಹೆಜ್ಜೆಯಷ್ಟಾದರೂ ನೋಡೋಣ. 8ರ ವರ್ಗ 64. ಅದು 61ಕ್ಕಿಂತ 3 ಹೆಚ್ಚು. ಆದ್ದರಿಂದ ಕ್ಷೇಪ 3. ಈಗ ಒಂದು ಸಂಖ್ಯೆಯನ್ನು ಆರಿಸಬೇಕು. ಅದನ್ನು 8ಕ್ಕೆ ಕೂಡಿದರೆ ಮೊತ್ತ 3ರಿಂದ ಭಾಗವಾಗಬೇಕು, ಅದರ ವರ್ಗ 61ಕ್ಕೆ ಆದಷ್ಟು ಹತ್ತಿರವಿರಬೇಕು. 1, 4, 7, 10 ಎಲ್ಲವೂ ಭಾಗದ ಪರೀಕ್ಷೆಯಲ್ಲಿ ಗೆಲ್ಲುತ್ತವೆ; ಆದರೆ 7ರ ವರ್ಗ 61ರಿಂದ 12ರಷ್ಟು ದೂರ, 10ರ ವರ್ಗ 39ರಷ್ಟು ದೂರ. ಆರಿಸಬೇಕಾದ್ದು 7. ಅದರಿಂದ ಹೊಸ ಜೋಡಿ ಬರುತ್ತದೆ, 39 ಮತ್ತು 5: 39ರ ವರ್ಗ 1521, 5ರ ವರ್ಗದ 61ರಷ್ಟು 1525. ಕ್ಷೇಪ ಈಗ ಋಣ 4. ಹೀಗೆಯೇ ನಡೆದರೆ, ಋಣ ಧನಗಳ ಗುರುತನ್ನು ಬಿಟ್ಟು ನೋಡಿದಾಗ, ಕ್ಷೇಪಗಳು ಬರುವ ಕ್ರಮ ಇದು: 3, 4, 5, ಮತ್ತೆ 5, 4, 3, ಅನಂತರ 1. ಬಂದ ದಾರಿಯಲ್ಲೇ ಹಿಂತಿರುಗಿ ಮನೆ ಸೇರಿದ ಹಾಗೆ! ಏಳನೆಯ ಹೆಜ್ಜೆಗೆ ದೊರೆತದ್ದು ಋಣ ಒಂದು. ಇನ್ನೊಂದು ಸುತ್ತು ಬಂದರೆ, ಹದಿನಾಲ್ಕನೆಯ ಹೆಜ್ಜೆಗೆ, ಧನ ಒಂದು. ಉತ್ತರದ ಎರಡು ಸಂಖ್ಯೆಗಳು 1766319049 ಮತ್ತು 226153980. ಇದಕ್ಕಿಂತ ಚಿಕ್ಕ ಉತ್ತರವಿಲ್ಲ. ಭಾಸ್ಕರ ಈ ದಾರಿಯನ್ನು ಭಾವನೆಯಿಂದ ಇನ್ನೂ ಮೊಟಕುಗೊಳಿಸಿಕೊಂಡ.

1657ರಲ್ಲಿ ಫ್ರಾನ್ಸಿನ ಫರ್ಮಾ ತನ್ನ ಸಮಕಾಲೀನರಿಗೆ ಸವಾಲಾಗಿ ಒಡ್ಡಿದ ಸಮಸ್ಯೆ ಇದೇ. ಅವನು ಹೆಸರಿಸಿದ ಗುಣಕಗಳಲ್ಲಿ 61 ಕೂಡ ಒಂದು. ಐದುನೂರು ವರ್ಷ ಹಿಂದೆಯೇ ಸಹ್ಯಾದ್ರಿಯ ಮಡಿಲಿನವನೊಬ್ಬ ಅದನ್ನು ಬಿಡಿಸಿಟ್ಟಿದ್ದಾನೆಂದು ಅವನಿಗೆ ತಿಳಿಯುವಂತಿರಲಿಲ್ಲ. 1760ರ ದಶಕದಲ್ಲಿ ಲಗ್ರಾಂಜನು ಬೇರೊಂದು ವಿಧಾನದಿಂದ, ಸತತ ಭಿನ್ನರಾಶಿಗಳ ಮೂಲಕ, ಇಂಥ ಸಮಸ್ಯೆಗೆ ಯಾವಾಗಲೂ ಉತ್ತರವಿದ್ದೇ ಇರುತ್ತದೆಂದು ಸಾಧಿಸಿ ತೋರಿಸಿದನು. ಕೋಲ್‌ಬ್ರೂಕ್‌ನ ಇಂಗ್ಲಿಷ್ ಅನುವಾದ 1817ರಲ್ಲಿ ಹೊರಬಂದ ಮೇಲೆ ಯೂರೋಪಿಗೆ ಭಾಸ್ಕರನ ಪರಿಚಯವಾಯಿತು. ಲಗ್ರಾಂಜನಿಗಿಂತ ಹಿಂದೆ ಸಂಖ್ಯಾಶಾಸ್ತ್ರದಲ್ಲಿ ಚಕ್ರವಾಳಕ್ಕಿಂತ ಉತ್ತಮವಾದದ್ದು ಇರಲಿಲ್ಲವೆಂದು ಜರ್ಮನಿಯ ಹಾಂಕೆಲ್ 1874ರಲ್ಲಿ ಮುಕ್ತಕಂಠದಿಂದ ಹೊಗಳಿದನು.

ಆದರೆ ಹೊಗಳಿಕೆ ಉಪಪತ್ತಿಯಲ್ಲ. ಶಾಸ್ತ್ರದಲ್ಲಿ ಉಪಪತ್ತಿ ಎಂದರೆ ‘ಹೀಗಾಗುತ್ತದೆ’ ಎಂದಲ್ಲ, ‘ಹೀಗೇ ಆಗಬೇಕು’ ಎಂದು ಕಾರಣಸಹಿತ ತೋರಿಸುವುದು. ಚಕ್ರವಾಳ 61ಕ್ಕೆ ಫಲಿಸಿತು, 67ಕ್ಕೆ ಫಲಿಸಿತು. ಪೂರ್ಣವರ್ಗವಲ್ಲದ ಯಾವ ಸಂಖ್ಯೆಗಾದರೂ ಫಲಿಸುವುದೆ? ಯಾವುದೋ ಒಂದು ಗುಣಕಕ್ಕೆ ಈ ಚಕ್ರ ಎಂದೆಂದಿಗೂ ‘ಒಂದ’ನ್ನು ಮುಟ್ಟದೆ ತಿರುಗುತ್ತಲೇ ಉಳಿಯುವುದಿಲ್ಲವೆಂದು ಹೇಗೆ ನಂಬುವುದು? ಭಾಸ್ಕರನ ಗ್ರಂಥದಲ್ಲಿ ಇದಕ್ಕೆ ಉತ್ತರವಿಲ್ಲ. ಲಗ್ರಾಂಜನ ಉಪಪತ್ತಿಯಿದ್ದದ್ದು ಅವನ ವಿಧಾನಕ್ಕೆ, ಭಾಸ್ಕರನದಕ್ಕಲ್ಲ.

ಈ ಪ್ರಶ್ನೆಯನ್ನು ಮೈಸೂರಿನ ಅಧ್ಯಾಪಕರು ಎತ್ತಿಕೊಂಡರು. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯ 1929–30ರ ಸಂಪುಟದಲ್ಲಿ, ಭಾಸ್ಕರನ ಚಕ್ರವಾಳದ ಮೇಲೆ ಹೊಸ ಬೆಳಕು ಎಂಬ ಅರ್ಥದ ಹೆಸರಿನ ಅವರ ಲೇಖನ ಪ್ರಕಟವಾಯಿತು. ವಾದದ ತಿರುಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಭಾಸ್ಕರ ಹೇಳಿದಂತೆ ಪ್ರತಿ ಸಲವೂ ಅತಿ ಹತ್ತಿರದ ವರ್ಗವನ್ನೇ ಆರಿಸುತ್ತ ಹೋದರೆ, ಕ್ಷೇಪವು ಒಂದು ಮಿತಿಯನ್ನು ಮೀರಿ ಬೆಳೆಯಲಾರದು. ಮಿತಿಯೊಳಗಿನ ಪೂರ್ಣಾಂಕಗಳು ಕೆಲವೇ ಆದ್ದರಿಂದ ಬಂದದ್ದು ಮತ್ತೆ ಬರಲೇಬೇಕು. ಹೆಜ್ಜೆಗಳನ್ನು ಹಿಂದುಮುಂದಾಗಿಯೂ ಇಡಬಹುದಾದ್ದರಿಂದ ಆ ಮರುಕಳಿಕೆ ಆರಂಭದ ಬಿಂದುವಿಗೇ ತಂದು ಮುಟ್ಟಿಸುತ್ತದೆ. ಚಕ್ರವೆಂಬ ಹೆಸರು ಹೀಗೆ ಉಪಮೆಯಾಗಿ ಉಳಿಯದೆ ಸಿದ್ಧಾಂತವಾಯಿತು.

ಅಷ್ಟೇ ಅಲ್ಲ. ಚಕ್ರವಾಳವೂ ಲಗ್ರಾಂಜನ ವಿಧಾನವೂ ಒಂದೇ ಎಂದು ಬಹುಮಂದಿ ತಿಳಿದಿದ್ದರು. ಅಲ್ಲವೆಂದು ಅಯ್ಯಂಗಾರ್ ತೋರಿಸಿದರು. ಲಗ್ರಾಂಜನು ವರ್ಗಮೂಲದ ಒಂದೇ ಮಗ್ಗುಲಿನಲ್ಲಿ ನಡೆಯುತ್ತಾನೆ. ಭಾಸ್ಕರ ಎರಡು ಮಗ್ಗುಲನ್ನೂ ನೋಡಿ ಹತ್ತಿರದ್ದನ್ನು ಹಿಡಿಯುತ್ತಾನೆ. ಆದ್ದರಿಂದ ಅವನ ದಾರಿ ಗಿಡ್ಡದು. 61ಕ್ಕೆ ಅಲ್ಲಿ ಇಪ್ಪತ್ತೆರಡು ಹೆಜ್ಜೆ, ಇಲ್ಲಿ ಹದಿನಾಲ್ಕು. ಭಾಸ್ಕರನ ಆಯ್ಕೆಯಲ್ಲಿ ಅಡಗಿದ್ದ ಈ ಹೊಸ ಬಗೆಯ ಭಿನ್ನರಾಶಿಯನ್ನು ಅಯ್ಯಂಗಾರ್ 1938ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೂಲಕ ಪ್ರಕಟಿಸಿದರು. 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಅದರ ಸಿದ್ಧಾಂತವನ್ನು ಸಾಂಗವಾಗಿ ಬರೆದರು. ಇವುಗಳಲ್ಲದೆ ಆರ್ಯಭಟನ ಗಣಿತದ ಮೇಲೆ, ಹಿಂದೂ ಜ್ಯಾ ಕೋಷ್ಟಕದ ಮೇಲೆ, ಸಂಖ್ಯಾಸಂಗ್ರಹಣಶಾಸ್ತ್ರದ ಮೇಲೆ ಬೇರೆ ಬೇರೆ ಲೇಖನಗಳು ಬಂದವು.

ಅವರು ಬರೆದ ಕಾಲವನ್ನು ನೆನೆದರೆ ಈ ಕೆಲಸದ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಭಾರತದ ಗಣಿತವೆಲ್ಲ ಗ್ರೀಕರಿಂದ ಬಂದ ಎರವಲೆಂದು ಜಿ. ಆರ್. ಕೇಯಂಥವರು ವಾದಿಸುತ್ತಿದ್ದ ದಿನಗಳವು. ಎಲ್ಲವೂ ನಮ್ಮ ವೇದಗಳಲ್ಲಿಯೇ ಇದೆಯೆಂದು ಹೇಳುವವರಿಗೂ ಕೊರತೆಯಿರಲಿಲ್ಲ. ಒಂದು ಕಡೆ ತಿರಸ್ಕಾರ, ಇನ್ನೊಂದು ಕಡೆ ಜಯಘೋಷ. ಎರಡಕ್ಕೂ ಮೂಲಗ್ರಂಥವನ್ನು ಓದುವ ಶ್ರಮ ಬೇಕಾಗಿಲ್ಲ. ಅಯ್ಯಂಗಾರ್ ಮೂಲಶ್ಲೋಕವನ್ನು ಓದಿದರು, ಅಲ್ಲಿ ಇರುವುದನ್ನು ಇದೆಯೆಂದರು. ಇಲ್ಲದ ಉಪಪತ್ತಿಯನ್ನು ಪೂರ್ವಜರ ತಲೆಗೆ ಕಟ್ಟದೆ, ತಾವೇ ಕುಳಿತು ಬರೆದುಕೊಟ್ಟರು. ಪರಂಪರೆಗೆ ಗೌರವ ಸಲ್ಲಿಸುವ ಇದಕ್ಕಿಂತ ನೇರವಾದ ಬಗೆ ನನಗೆ ತಿಳಿಯದು. ಮಿದುಳಿನ ಎರಡು ಪಾಲುಗಳ ಮಾತು ಹಾಗಿರಲಿ. ಈ ಲೇಖನದಲ್ಲಿ ಸಂಸ್ಕೃತ ಪಂಡಿತರೂ ಆಧುನಿಕ ಗಣಿತಜ್ಞರೂ ಒಂದೇ ಮೇಜಿನ ಮುಂದೆ ಕುಳಿತಿದ್ದಾರೆ.

ಇನ್ನು ಈ ಲೇಖನಗಳ ಗತಿ. ಅಯ್ಯಂಗಾರ್ ತೀರಿಕೊಂಡ ಮರುವರ್ಷ, 1954ರಲ್ಲಿ, ಕೃಪಾಶಂಕರ ಶುಕ್ಲರು 1073ರ ಒಂದು ವ್ಯಾಖ್ಯಾನದಲ್ಲಿ ಜಯದೇವನೆಂಬ ಗಣಿತಜ್ಞನ ಶ್ಲೋಕಗಳನ್ನು ಕಂಡು, ಚಕ್ರವಾಳ ಭಾಸ್ಕರನಿಗಿಂತಲೂ ಹಳೆಯದೆಂದು ತೋರಿಸಿದರು. 1975ರಲ್ಲಿ ಸೆಲೇನಿಯಸ್ ಎಂಬ ವಿದ್ವಾಂಸರು ಚಕ್ರವಾಳದ ತರ್ಕವನ್ನು ಮತ್ತೆ ವಿವೇಚಿಸಿದರು. 1984ರಲ್ಲಿ ಆಂದ್ರೆ ವೇಯ್ ಎಂಬ ಮಹಾಗಣಿತಜ್ಞರು ಸಂಖ್ಯಾಶಾಸ್ತ್ರದ ಚರಿತ್ರೆ ಬರೆದಾಗ, ಚಕ್ರವಾಳ ಫಲಿಸುತ್ತದೆಂಬುದು ಭಾರತೀಯರಿಗೆ ಅನುಭವದಿಂದ ತಿಳಿದ ಸಂಗತಿ ಮಾತ್ರವೆಂದೂ ಉಪಪತ್ತಿ ಲಗ್ರಾಂಜನ ಕಾಲದ್ದೆಂದೂ ಹೇಳಿದರು. ಪ್ರಾಚೀನರ ಮಟ್ಟಿಗೆ ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಚಕ್ರವಾಳಕ್ಕೇ ಸಲ್ಲುವ ಉಪಪತ್ತಿ ಅಷ್ಟು ಹೊತ್ತಿಗೆ ಅಚ್ಚಾಗಿ ಅರ್ಧಶತಮಾನ ದಾಟಿತ್ತು. 2010ರಲ್ಲಿ ಮ್ಯಾಥ್ಯೂಸ್, ರಾಬರ್ಟ್‌ಸನ್, ವೈಟ್ ಎಂಬ ಮೂವರು ಇದೇ ಭಿನ್ನರಾಶಿಯ ಮೇಲೆ ಪ್ರೌಢಲೇಖನ ಬರೆದಾಗ, ಅವರ ಆಧಾರ 1941ರ ಆ ಮೈಸೂರು ಪತ್ರಿಕೆ.

ಹೊರಗಿನವರು ನಮ್ಮನ್ನು ಗಮನಿಸಲಿಲ್ಲವೆಂದು ಇಲ್ಲಿ ದೂರುವುದು ಸುಲಭ. ಹಾಗೆ ದೂರುವ ಮೊದಲು ನಾವು ಗಮನಿಸಿದೆವೆ ಎಂದು ಕೇಳಿಕೊಳ್ಳಬೇಕು. ನಮ್ಮ ವಿದ್ಯಾಸಂಸ್ಥೆಗಳ ಪತ್ರಿಕೆಗಳು, ಗಣಿತದವಾಗಲಿ ಸಾಹಿತ್ಯದವಾಗಲಿ, ದಾರ ಕಟ್ಟಿಸಿಕೊಂಡು ಕಪಾಟಿನ ಮೇಲಟ್ಟ ಸೇರುವುದು ಎಲ್ಲರೂ ಕಂಡ ನೋಟ. ಕನ್ನಡ ಎಂ.ಎ. ಓದಿದ ನನ್ನಂಥವರಿಗೂ ತಂದೆಯ ದಾರಿ ತಿಳಿದದ್ದು ಮಗನ ಪದ್ಯಗಳ ಮೂಲಕವೇ. ಇದರಿಂದ ನಷ್ಟವಾದದ್ದು ಒಬ್ಬರ ಕೀರ್ತಿಯಲ್ಲ. ದೊಡ್ಡ ಪ್ರಶ್ನೆಯನ್ನು ನಮ್ಮ ಊರಿನ ಕಾಲೇಜಿನಲ್ಲಿ ಕುಳಿತೇ ಬಿಡಿಸಬಹುದೆಂಬ ಧೈರ್ಯ. ಮೈಸೂರಿನ ವಿದ್ಯಾರ್ಥಿಗೆ, ಸುಗಟೂರಿನಿಂದ ಕೋಲಾರದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಆ ಧೈರ್ಯ ಸಲ್ಲಬೇಕಾಗಿತ್ತು.

ಕೋಲಾರ ಕೆರೆಗಳ ಸೀಮೆ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ; ಹೂಳು ತೆಗೆಯುವ ಕೆಲಸ ಮಾತ್ರ ಪ್ರತಿ ತಲೆಮಾರಿನ ಊರಿನವರದು. ಅದನ್ನು ಬಿಟ್ಟರೆ ಕಟ್ಟೆ ಇದ್ದೂ ನೀರಿರುವುದಿಲ್ಲ. ಕೃಷ್ಣಸ್ವಾಮಿ ಅಯ್ಯಂಗಾರರು ಭಾಸ್ಕರನ ಕೆರೆಯ ಹೂಳು ತೆಗೆದು, ಕುಸಿದ ಕಡೆ ಕಟ್ಟೆಯನ್ನೂ ಭದ್ರಪಡಿಸಿದರು. ಅವರ ಲೇಖನಗಳ ಮೇಲೆ ಕುಳಿತ ಹೂಳನ್ನು ತೆಗೆಯುವ ಸರದಿ ಈಗ ನಮ್ಮದು.