ಮೂತ್ರಪಿಂಡ ಕಾಯಿಲೆ: ಕಾಳು ಇರಲಿ, ಕಟ್ಟು ಬೇಡ

ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಅಡುಗೆಯಲ್ಲಿ ಹುರುಳಿ, ಹೆಸರು, ಅಲಸಂದೆ ಕಾಳುಗಳ ಬಳಕೆ ಸಾಮಾನ್ಯ. ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇದೆಯೆಂದು ತಿಳಿದೊಡನೆ ಇವೆಲ್ಲವನ್ನೂ ತ್ಯಜಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಸಂಪೂರ್ಣ ನಿಷೇಧ ಎಲ್ಲರಿಗೂ ಅಗತ್ಯವಿಲ್ಲ. ಪ್ರಮಾಣ ಮತ್ತು ಬೇಯಿಸುವ ವಿಧಾನ ಮುಖ್ಯ.

ಪ್ರೋಟೀನ್: ಕಾಯಿಲೆಯ 3ರಿಂದ 5ನೇ ಹಂತದಲ್ಲಿದ್ದು ಡಯಾಲಿಸಿಸ್‌ಗೆ ಒಳಗಾಗದ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕೆಂದು ಅಂತಾರಾಷ್ಟ್ರೀಯ ಸಂಸ್ಥೆ ಕೆಡಿಗೊದ 2024ರ ಮಾರ್ಗಸೂಚಿ ಹೇಳುತ್ತದೆ. 60 ಕಿಲೋ ತೂಕದವರಿಗೆ ಇದು 48 ಗ್ರಾಂ. 30 ಗ್ರಾಂ ಒಣಕಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ಡಯಾಲಿಸಿಸ್ ಪಡೆಯುವವರಿಗೆ ಇದಕ್ಕಿಂತ ಹೆಚ್ಚು ಪ್ರೋಟೀನ್ ಬೇಕು.

ರಂಜಕ: ಕಾಳಿನ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ, ಮಾಂಸ ಹಾಗೂ ಹಾಲಿನ ರಂಜಕಕ್ಕಿಂತ ಕಡಿಮೆ ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತದೆ.

ಪೊಟ್ಯಾಸಿಯಂ: ರಕ್ತದಲ್ಲಿ ಇದು ಮಿತಿಮೀರಿದರೆ ಹೃದಯಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯ. ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಹಾಗೆ ಹೊರಬಂದದ್ದು ಉಳಿಯುವುದು ಕಟ್ಟಿನಲ್ಲಿ. ಆದ್ದರಿಂದ ಪೊಟ್ಯಾಸಿಯಂ ಮಿತಿ ಇರುವವರಿಗೆ ಹುರುಳಿ ಕಟ್ಟಿನ ಸಾರು ತಕ್ಕುದಲ್ಲ. ಬಸಿದ ಕಾಳಿನ ಪಲ್ಯವೇ ಮೇಲು.

ಎಷ್ಟು ತಿನ್ನಬಹುದೆಂಬುದನ್ನು ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು ಇಲ್ಲವೇ ಆಹಾರತಜ್ಞರೇ ನಿರ್ಧರಿಸಬೇಕು.