ಚಾಸರ್ ಕವಿಯ ಲಿಪಿಕಾರನಾರು?

ಆಂಗ್ಲಕವಿ ಚಾಸರನ ‘ಕ್ಯಾಂಟರ್ಬರಿ ಕಥೆಗಳ’ ಪ್ರಾಚೀನ ಹಸ್ತಪ್ರತಿಗಳಲ್ಲಿ ಹೆಂಗರ್ಟ್, ಎಲ್ಸ್‌ಮಿಯರ್ ಎಂಬುವು ಪ್ರಧಾನವಾದುವು. ಇವೆರಡೂ ಒಂದೇ ಕೈಯವೆಂದು ಗಣಿಸಿದ ಡಾಯ್ಲ್, ಪಾರ್ಕ್ಸ್ ಎಂಬ ವಿದ್ವಾಂಸರು 1978ರಲ್ಲಿ ಆ ಅಜ್ಞಾತ ಲಿಪಿಕಾರನನ್ನು ‘ಬಿ’ ಎಂದು ಕರೆದರು. ಲಂಡನ್ನಿನ ಲಿಪಿಕಾರಸಂಘದ ದಫ್ತರದಲ್ಲಿ ಪ್ರಮಾಣವಚನವನ್ನು ಬರೆದ ಆಡಂ ಪಿಂಕ್‌ಹರ್ಸ್ಟನೇ ಇವನೆಂದು, ಅಕ್ಷರರೂಪಗಳನ್ನೂ ಬಿಂದುರೇಖಾಲಂಕಾರಗಳನ್ನೂ ಹೋಲಿಸಿ, 2004ರಲ್ಲಿ ಲಿನ್ ಮೂನಿಯವರು ಪ್ರತಿಪಾದಿಸಿದರು. ಚಾಸರನದೆನ್ನುವ ಕಿರುಪದ್ಯವೊಂದು ತಪ್ಪು ಬರೆಯುವ ಆಡಮನೆಂಬ ಲಿಪಿಕಾರನನ್ನು ಗದರಿಸುತ್ತದೆ. ಆದುದರಿಂದ ಈ ಮತವು ಸ್ಥಿರಪಟ್ಟರೆ, ಪ್ರತಿಗಳು ಕವಿಯ ಪರಿಚಿತನ ಕೈಯವಾಗಿ ಅವುಗಳ ಪಾಠಕ್ಕೆ ಪ್ರಾಮಾಣ್ಯವು ಹೆಚ್ಚುವುದು.

ಆದರೆ ಒಂದೇ ಪದ್ಧತಿಯಲ್ಲಿ ಕಲಿತ ಹಲವರಲ್ಲಿಯೂ ಅಕ್ಷರಸಾಮ್ಯವು ಇರುವುದರಿಂದ, ನೈಯಾಯಿಕರ ಮಾತಿನಲ್ಲಿ ಅದು ಅನೈಕಾಂತಿಕಹೇತು. 2011ರಲ್ಲಿ ಜೇನ್ ರಾಬರ್ಟ್ಸ್, 2018ರಲ್ಲಿ ಲಾರೆನ್ಸ್ ವಾರ್ನರ್ ಈ ಮತವನ್ನು ಆಕ್ಷೇಪಿಸಿದ್ದಾರೆ. ಸಾಮ್ಯಗಳನ್ನೆಣಿಸುವಷ್ಟೇ ಶ್ರದ್ಧೆಯಿಂದ ಭೇದಗಳನ್ನೂ ಎಣಿಸಬೇಕು. ಸಂದೇಹವು ನೀಗುವತನಕ ‘ಬಿ’ ಎಂಬ ಹೆಸರೇ ಸಾಕೆಂದು ನಮ್ಮ ಅಭಿಪ್ರಾಯ.